ಪೀರನವಾಡಿಯ ತನಕ

"ಮುಖ ನೋಡದ ನಾ ಹೋಗಂಗಿಲ್ರಿ," ಎಂದು ಪ್ರಮಿಳಾ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಸಾಯಿರಾ ಬಾಗಿಲಿಗೆ ಅಡ್ಡ ಬಂದು ನಿಂತಳು.

ಒಳಗೆ ಕುರಾನ್ ಓದುತ್ತಿದ್ದ ಹೆಂಗಸರ ದನಿ ಒಂದೊಂದಾಗಿ ನಿಂತಿತು. ಸದಾಶಿವನಗರದ ಹಿಂದಿನ ಓಣಿಯ ಆ ಬಾಡಿಗೆ ಮನೆಯಲ್ಲಿ ಬೆಳಗಿನಿಂದ ಊದುಬತ್ತಿಯ ಹೊಗೆ ತುಂಬಿತ್ತು. ನಸುಕಿನಲ್ಲಿ ನಮಾಜಿಗೆಂದು ಎದ್ದ ಮೀರಾಸಾಬ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಈಗ ಸ್ನಾನ ಮಾಡಿಸಿ, ಕಫನ್ ಬಟ್ಟೆ ಹೊದಿಸಿ, ನಡುಮನೆಯಲ್ಲಿ ಮಲಗಿಸಿದ್ದರು. ಗಂಡಸರು ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ಖಾನಾಪುರಕ್ಕೆ ಹೆಣ ಒಯ್ಯಲು ಬರಬೇಕಿದ್ದ ಆಂಬುಲೆನ್ಸಿನ ದಾರಿ ಕಾಯುತ್ತಿದ್ದರು. ಮಾತು ಕೇಳಿ ಅವರಲ್ಲಿ ಕೆಲವರು ಕುತ್ತಿಗೆ ತಿರುಗಿಸಿದರು.

ಸಾಯಿರಾ ಸತ್ತವನ ಬೀಗತಿ. ಅವನ ಒಬ್ಬಳೇ ಮಗಳು ಅಲ್ಮಾಸಳನ್ನು ತನ್ನ ಮಗ ಜುಲ್ಫಿಕಾರನಿಗೆ ತಂದುಕೊಂಡವಳು. ಬೆಳಗಿನಿಂದ ಈ ಮನೆಯ ಯಜಮಾನಿಕೆಯನ್ನೆಲ್ಲ ಅವಳೇ ಕೈಗೆ ತೆಗೆದುಕೊಂಡಿದ್ದಳು.

"ಹೊರಗಿನ ಹೆಣ್ಮಕ್ಕಳು ಮಯ್ಯತ್ ಮುಖ ನೋಡಂಗಿಲ್ರಿ," ಎಂದಳು. "ನೀವು ಯಾರು? ಮೀರಾಸಾಬರಿಗೆ ಏನಾಗಬೇಕು?"

ಪ್ರಮಿಳಾ ಸಾಯಿರಾಳ ಹೆಗಲ ಮೇಲಿಂದ ಒಳಗೆ ಇಣುಕಿದಳು. ಗೋಡೆಗೆ ಒರಗಿ ನಿಂತಿದ್ದ ಅಲ್ಮಾಸ ಕಣ್ಣು ಕೆಳಗೆ ಹಾಕಿದಳು.

"ಪರಿಚಯದಾಕಿರಿ," ಎಂದಳು ಪ್ರಮಿಳಾ. "ಬಾಳ ದಿನದ ಪರಿಚಯ."

ಅಷ್ಟು ಸಾಕಾಯಿತು. ಸಾಯಿರಾಳಿಗೆ ಈ ಮುಖ ಮೊದಲೇ ಗೊತ್ತಿತ್ತು. ಒಮ್ಮೆ ಬಸ್‌ಸ್ಟ್ಯಾಂಡ್ ಬಾಜುವಿನ ಕ್ಯಾಂಟೀನಿನಲ್ಲಿ ಮೀರಾಸಾಬ ಇದೇ ಹೆಂಗಸಿನ ಎದುರು ಚಹಾದ ಕಪ್ಪು ಇಟ್ಟುಕೊಂಡು ಕೂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆತ ತಲೆ ತಗ್ಗಿಸಿ ಏನೋ ಹೇಳುತ್ತಿದ್ದ, ಈಕೆ ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ಬೀಗರ ಮಾನ ಅಂತ ಅಂದು ಎದುರಿಗೆ ಏನೂ ಅನ್ನದೆ, ತನ್ನವರ ಕಿವಿಗಷ್ಟೇ ಹಾಕಿದ್ದಳು. ಈಗ ಹಿಂದಕ್ಕೆ ತಿರುಗಿ, ಕೂತ ಹೆಂಗಸರಿಗೆ ಉರ್ದುವಿನಲ್ಲಿ, ನಾನು ಹೇಳಿರಲಿಲ್ಲವೇ, ಇವಳೇ ಅವಳು ಎಂದಳು.

ಪ್ರಮಿಳಾ ಅದನ್ನು ಕೇಳಿಯೂ ಕೇಳದವಳಂತೆ, ಯಾವಾಗ ತೀರಿಕೊಂಡರು, ಯಾವ ಡಾಕ್ಟರು ಬಂದು ನೋಡಿದರು, ಸ್ನಾನ ಮಾಡಿಸಿದವರು ಯಾರು ಎಂದು ಒಂದೊಂದೇ ಕೇಳತೊಡಗಿದಳು. ದುಃಖಕ್ಕೆ ಬಂದವರು ಕೇಳುವ ರೀತಿ ಅದಾಗಿರಲಿಲ್ಲ. ಈ ಹೆಂಗಸು ಅಳುವುದಕ್ಕೆ ಬಂದಿಲ್ಲ, ಅಬ್ಬಾ ಸತ್ತದ್ದು ಖರೆಯೋ ಸುಳ್ಳೋ ನೋಡಲು ಬಂದಿದ್ದಾಳೆ ಎಂದು ಅಲ್ಮಾಸಳಿಗೆ ತಿಳಿಯಿತು. ಪ್ರಮಿಳಾ ಸರಕಾರದ ಪ್ರೊಬೇಶನ್ ಆಫೀಸರು. ಜೈಲಿನಿಂದ ಬೇಗ ಬಿಟ್ಟವರ ಮೇಲೆ ಊರೊಳಗೆ ಕಣ್ಣಿಡುವುದು ಆಕೆಯ ಕೆಲಸ. ಮೀರಾಸಾಬ ಅಂಥವರಲ್ಲಿ ಒಬ್ಬ. ಈ ಮಾತು ಆ ಮನೆಯಲ್ಲಿ ಗೊತ್ತಿದ್ದದ್ದು ತಾಯಿ ಮಗಳಿಗೆ ಮಾತ್ರ.

*

ಮೀರಾಸಾಬ ಖಾನಾಪುರದವನು. ಅಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲೊಂದರಲ್ಲಿ ದುಡಿಯುತ್ತಿದ್ದ. ಜೊತೆಗೆ ದುಡಿಯುವ ಸತ್ಯಪ್ಪ ಅವನ ಜೀವದ ಗೆಳೆಯ. ಮಧ್ಯಾಹ್ನ ಇಬ್ಬರೂ ಒಂದೇ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಒಂದು ದಿನ ಲಾರಿಯಿಂದ ದಿಮ್ಮಿ ಇಳಿಸುವಾಗ ಸತ್ಯಪ್ಪನ ಕೈಯಿಂದ ಹಗ್ಗ ಜಾರಿತು. ದಿಮ್ಮಿ ಉರುಳಿ, ಕೆಳಗೆ ದುಡಿಯುತ್ತಿದ್ದ ಮೀರಾಸಾಬನ ತಮ್ಮನ ಕಾಲು ಜಜ್ಜಿಹೋಯಿತು. ತಮ್ಮ ಕಿರುಚುತ್ತಿದ್ದಾಗ ಸತ್ಯಪ್ಪ ನಕ್ಕನೋ, ಹೆದರಿ ಹಲ್ಲು ಕಿರಿದನೋ, ಅದು ಮೀರಾಸಾಬನಿಗೆ ಸಾಯುವ ತನಕ ತೀರ್ಮಾನವಾಗಲಿಲ್ಲ. ಕೈಗೆ ಸಿಕ್ಕ ಹಾರೆ ಎತ್ತಿ ಒಂದೇ ಏಟು ಹಾಕಿದ. ಸತ್ಯಪ್ಪ ಆಸ್ಪತ್ರೆಯನ್ನು ಮುಟ್ಟಲಿಲ್ಲ.

ಜೀವಾವಧಿ ಶಿಕ್ಷೆಯಾಯಿತು. ಹೆಂಡತಿ ಬದರುನ್ನಿಸಾ ಸಣ್ಣ ಮಗಳನ್ನು ಕಟ್ಟಿಕೊಂಡು, ಯಾರೂ ಗುರುತಿಲ್ಲದ ಬೆಳಗಾವಿಯ ಈ ಓಣಿಗೆ ಬಂದು, ಹೊಲಿಗೆ ಯಂತ್ರ ಹಾಕಿಕೊಂಡಳು. ಗಂಡ ಎಲ್ಲಿ ಎಂದು ಕೇಳಿದವರಿಗೆ, ಸೌದಿಯಲ್ಲಿ ಬಡಗಿ ಕೆಲಸಕ್ಕಿದ್ದಾರೆ ಎಂದಳು. ಆ ಒಂದು ಸುಳ್ಳಿಗೆ ದಿನವೂ ಅನ್ನ ನೀರು ಹಾಕಬೇಕಾಯಿತು. ಹಬ್ಬದ ದಿನ ಅಲ್ಮಾಸ ಅಂಗಳದಲ್ಲಿ ನಿಂತು, ಬಂದಿರದ ಫೋನಿನಲ್ಲಿ ಅಬ್ಬಾನ ಜೊತೆ ಮಾತಾಡುವುದನ್ನು ಕಲಿತಳು.

ಹಿಂಡಲಗಾ ಜೈಲಿನಲ್ಲಿ ಮೀರಾಸಾಬ ಬಡಗಿ ಕೆಲಸವನ್ನೇ ಕಲಿತ. ಹದಿನಾಲ್ಕು ವರ್ಷದ ಮೇಲೆ ಸನ್ನಡತೆಯೆಂದು ಬಿಟ್ಟರು. ಬಿಡುವಾಗ ಷರತ್ತು ಹಾಕಿದರು: ಆಫೀಸರಿಗೆ ಆಗಾಗ ಮುಖ ತೋರಿಸಬೇಕು, ಹೇಳದೆ ಕೇಳದೆ ನಗರದ ಹದ್ದು ದಾಟಬಾರದು, ಖಾನಾಪುರದಲ್ಲಂತೂ ಕಾಲಿಡಲೇಬಾರದು. ಸೌದಿಯಿಂದ ಬಂದವನ ಕೈ ಖಾಲಿಯಿರಬಾರದೆಂದು ಬದರುನ್ನಿಸಾ ಖಡೇಬಜಾರಿನಲ್ಲಿ ಖರ್ಜೂರ ಕೊಂಡು, ಹೊಸ ಚೀಲಕ್ಕೆ ತುಂಬಿ, ಜೈಲಿನ ಬಾಗಿಲಲ್ಲೇ ಅವನ ಕೈಗೆ ಕೊಟ್ಟಳು. ಆ ಚೀಲ ಹಿಡಿದು ಅವನು ಓಣಿಯುದ್ದಕ್ಕೂ ನೆಲ ನೋಡುತ್ತ ನಡೆದು ಬಂದ.

ಮರುವಾರವೇ ಪ್ರಮಿಳಾ ಮನೆಗೆ ಬಂದಳು. ಕಪಾಟು ತೆಗೆಸಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು, ಹೊಡೆಯುತ್ತಾರೇನು, ಕುಡಿಯುತ್ತಾರೇನು ಎಂದು ಬದರುನ್ನಿಸಾಳನ್ನು ಕೇಳಿದಳು. ಆಮೇಲೆ ಅಲ್ಮಾಸಳನ್ನು ಅಡುಗೆಮನೆಗೆ ಕರೆದು, ನಿನಗೆ ಅವರ ಅಂಜಿಕೆ ಇದೆಯೇನು ಎಂದಳು. ಇಲ್ಲ ಎಂದಳು ಅಲ್ಮಾಸ. ಅದೂ ಸುಳ್ಳೇ. ಅವನು ನೀರು ಕುಡಿಯಲು ಎದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು. ಮೊದಮೊದಲು ಕೆಲವು ದಿನ ಈಳಿಗೆಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದಳು. ಒಂದು ಬೆಳಿಗ್ಗೆ ಮೀರಾಸಾಬ ತಾನಾಗಿ ಅದನ್ನು ಅಟ್ಟದಿಂದ ಇಳಿಸಿ, ಮಸೆದು, ಅವಳ ಎದುರಿಗಿಟ್ಟು ಕೆಲಸಕ್ಕೆ ಹೋದ.

ಆಫೀಸಿನ ಬಾಗಿಲಲ್ಲಿ ಯಾರಾದರೂ ನೋಡಿದರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂದು ಅವನು ಪ್ರಮಿಳಾಳ ಹತ್ತಿರ ಕೇಳಿಕೊಂಡ. ಆಕೆ ಒಪ್ಪಿ, ಬಸ್‌ಸ್ಟ್ಯಾಂಡ್ ಬಾಜುವಿನ ಕ್ಯಾಂಟೀನಿಗೆ ಬಾ ಎಂದಳು. ಸಾಯಿರಾ ಕಂಡದ್ದು ಅದನ್ನೇ.

*

ಒಳಕೋಣೆಯಿಂದ ಬದರುನ್ನಿಸಾಳ ದನಿ ಕೇಳಿಸಿತು. ಹೆಂಗಸರು ಬಂದು ಕೂತ ಮೇಲೆ ಆಕೆ ಬಾಯಿ ಬಿಟ್ಟಿದ್ದು ಇದೇ ಮೊದಲು.

"ಆಕೀನ ಒಳಗ ಬಿಡ್ರಿ. ಮುಖ ನೋಡ್ಕೊಂಡು ಹೋಗ್ಲಿ."

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಹೆಂಡತಿಯೇ ಕರೆಯುತ್ತಿದ್ದಾಳೆಂದರೆ ಇದು ಮನೆಯೊಳಗೆ ಗೊತ್ತಿದ್ದೇ ನಡೆದದ್ದು ಎಂಬ ಅರ್ಥ ಆ ನೋಟದಲ್ಲಿತ್ತು. ಸಾಯಿರಾ ತುಟಿ ಕಚ್ಚಿ ಬಾಗಿಲು ಬಿಟ್ಟಳು.

ಪ್ರಮಿಳಾ ಹೆಣದ ಹತ್ತಿರ ಮೊಣಕಾಲೂರಿ ಕೂತಳು. ಅಲ್ಮಾಸ ಬಟ್ಟೆ ಸರಿಸಿದಳು. ಎಡಹುಬ್ಬನ್ನು ಸೀಳಿದ ಹಳೆಯ ಗಾಯದ ಗುರುತು, ತುದಿ ಮಡಚಿದ ಕಿವಿ, ಗಡ್ಡದ ಕೆಳಗಿನ ಮಚ್ಚೆ, ಎಲ್ಲವನ್ನೂ ಪ್ರಮಿಳಾ ನಿಧಾನವಾಗಿ ನೋಡಿದಳು. ಕಣ್ಣಲ್ಲಿ ನೀರು ಬರಲಿಲ್ಲ. ಕೈ ಮುಗಿಯಲು ಹೋಗಿ, ಇಲ್ಲಿ ಹಾಗೆ ಮಾಡಬಹುದೋ ಬಾರದೋ ಎಂದು ತಿಳಿಯದೆ, ಕೈಯನ್ನು ಮಡಿಲಿಗೆ ತಂದುಕೊಂಡಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು.

ಅಲ್ಮಾಸ ಹಿಂದೆಯೇ ಹೋದಾಗ ಆಕೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಹೌದ್ರಿ ಸರ್. ನಾನಽ ನೋಡೇನಿ. ಅವನಽ."

"ಸತ್ತ ಮ್ಯಾಲೂ 'ಅವ' ಅಂತೀರೇನ್ರಿ ನಮ್ಮಪ್ಪಗ?" ಎಂದಳು ಅಲ್ಮಾಸ.

ಪ್ರಮಿಳಾ ಫೋನನ್ನು ಚೀಲದಲ್ಲಿ ಹಾಕಿಕೊಂಡಳು. ತಪ್ಪಾಯಿತು ಎನ್ನಲಿಲ್ಲ. ನೀರಿನ ಟಾಕಿಯ ಕಟ್ಟೆಗೆ ಒರಗಿ, ಹೋದ ವರ್ಷದ ಒಂದು ಸಂಗತಿ ಹೇಳಿದಳು. ಆಕೆಯ ನಿಗಾದಲ್ಲಿದ್ದ ಒಬ್ಬ ಸತ್ತನೆಂದು ಮನೆಯವರು ಹೇಳಿದರು, ಮಣ್ಣಿನ ದಿಬ್ಬ ಕೂಡ ತೋರಿಸಿದರು. ಆರು ತಿಂಗಳ ಮೇಲೆ ಅವನು ಗೋವಾದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತ ಸಿಕ್ಕ. ಮೇಲಿನವರೆದುರು ಆಕೆ ಕೈಕಟ್ಟಿ ನಿಲ್ಲಬೇಕಾಯಿತು. ಇವತ್ತು ಮುಂಜಾನೆ ಬದರುನ್ನಿಸಾ ಫೋನು ಮಾಡಿ, ತೀರಿಕೊಂಡರು, ಖಾನಾಪುರಕ್ಕೆ ಒಯ್ಯುತ್ತೇವೆ ಎಂದಾಗ, ಸಾಂಬ್ರಾದಿಂದ ಇಲ್ಲಿಯ ತನಕ ಸ್ಕೂಟಿ ಓಡಿಸುತ್ತ ಆಕೆ ಯೋಚಿಸಿದ್ದು ಒಂದೇ. ಹೋಗಬೇಡ ಎಂದ ಊರಿಗೆ ಇವನು ಕೊನೆಗೂ ಈ ದಾರಿ ಹುಡುಕಿಕೊಂಡನಲ್ಲ ಎಂದು.

"ನಿಮ್ಮಪ್ಪಾರ ಮ್ಯಾಲೆ ನನಗ ಕಡೀತನಕ ಸಂಶೇ ಇತ್ತು," ಎಂದಳು. "ಪೀರನವಾಡಿಯೊಳಗ ಅವರನ್ನ ನೋಡಿದ ಮ್ಯಾಲೂ ಹೋಗಲಿಲ್ಲ."

"ಪೀರನವಾಡಿಯೊಳಗ ಏನಿತ್ತು?"

ಪ್ರಮಿಳಾ ಚೀಲವನ್ನು ಕಟ್ಟೆಯ ಮೇಲಿಟ್ಟು ಹೇಳತೊಡಗಿದಳು.

*

ಮೀರಾಸಾಬನ ತಾಯಿ ಸತ್ತದ್ದು ಅವನು ಒಳಗಿದ್ದಾಗ. ಬಿಡುಗಡೆಯಾದ ಮೇಲೆ ಅವನು ಕೇಳಿದ್ದು ಒಂದೇ, ಆಕೆಯ ಗೋರಿಯ ಹತ್ತಿರ ನಿಂತು ಒಂದು ಫಾತಿಹಾ ಓದಿ ಬರುತ್ತೇನೆ ಅಂತ. ಪ್ರಮಿಳಾ ಖಾನಾಪುರಕ್ಕೆ ಹೋಗಿ ವಿಚಾರಿಸಿದಳು. ಸತ್ಯಪ್ಪನ ಅಣ್ಣ ಭರಮಣ್ಣ ಕುರಿ ಹಟ್ಟಿಯ ಮುಂದೆ ನಿಂತು, ಅವನು ಈ ಊರಲ್ಲಿ ಕಾಲಿಟ್ಟರೆ ಮುಂದಿನದ್ದಕ್ಕೆ ನನ್ನನ್ನು ಕೇಳಬೇಡಿ ಎಂದ. ಅನುಮತಿ ಸಿಗಲಿಲ್ಲ. ಪ್ರತಿ ರಂಜಾನಿಗೆ ಮೀರಾಸಾಬ ಮತ್ತೆ ಕೇಳುತ್ತಿದ್ದ. ಪ್ರತಿ ಸಲವೂ ಇಲ್ಲ ಎನ್ನಿಸಿಕೊಳ್ಳುತ್ತಿದ್ದ.

ಒಂದು ಶುಕ್ರವಾರ ಅವನು ಖಾನಾಪುರದ ಬಸ್ಸು ಹತ್ತುವುದನ್ನು ಪ್ರಮಿಳಾ ಕಂಡಳು. ಸಿಕ್ಕಿಬಿದ್ದ ಎಂದುಕೊಂಡು ಸ್ಕೂಟಿಯಲ್ಲಿ ಹಿಂದೆ ಹೊರಟಳು. ನಗರ ಮುಗಿಯುವ ಪೀರನವಾಡಿಯಲ್ಲಿ ಬಸ್ಸು ನಿಂತಾಗ ಅವನು ಇಳಿದ. ಬಸ್ಸು ಮುಂದೆ ಹೋಯಿತು. ಅವನು ರಸ್ತೆ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ, ಬಸ್ಸು ಹೋದ ದಿಕ್ಕಿಗೆ ಮುಖ ಮಾಡಿ ಕೂತ. ಯಾರನ್ನೋ ಭೇಟಿಯಾಗಲು ಬಂದಿದ್ದಾನೆ ಎಂದು ಪ್ರಮಿಳಾ ಹಣ್ಣಿನ ಗಾಡಿಯ ಮರೆಯಲ್ಲಿ ನಿಂತು ಕಾಯ್ದಳು. ಯಾರೂ ಬರಲಿಲ್ಲ. ಆ ಕಡೆಯಿಂದ ಬಸ್ಸು ಬಂದಾಗ, ಇಳಿದವರ ಹತ್ತಿರ ಏನೋ ಕೇಳಿ, ಅದೇ ಬಸ್ಸಿಗೆ ಹತ್ತಿ ತಿರುಗಿ ಬಂದ.

ಮುಂದಿನ ಶುಕ್ರವಾರ ನೋಡಿದಳು, ಅದರ ಮುಂದಿನದೂ ನೋಡಿದಳು. ಬೇರೇನೂ ನಡೆಯಲಿಲ್ಲ. ಕಡೆಗೆ ಚಹಾದಂಗಡಿಯವನನ್ನೇ ಕೇಳಿದಳು, ಆ ಮುದುಕ ಇಳಿದವರ ಹತ್ತಿರ ಏನು ಕೇಳುತ್ತಾನೆ ಅಂತ. ಖಾನಾಪುರದಲ್ಲಿ ಮಳೆಯಾಯಿತೇನು ಎಂದು ಕೇಳುತ್ತಾರೆ, ಬೇಸಿಗೆಯಲ್ಲೂ ಅದನ್ನೇ ಕೇಳುತ್ತಾರೆ ಎಂದ ಅವನು.

ಪ್ರಮಿಳಾ ಇದನ್ನು ಯಾರಿಗೂ ಹೇಳಲಿಲ್ಲ, ಮೀರಾಸಾಬನಿಗೂ ಹೇಳಲಿಲ್ಲ. ಆದರೆ ಶುಕ್ರವಾರ ಬಂದರೆ, ಇವತ್ತು ಪೀರನವಾಡಿಯಲ್ಲಿ ಇಳಿದನೋ ಇಲ್ಲವೋ ಎಂಬ ಹುಳ ಅವಳ ತಲೆ ಬಿಟ್ಟು ಹೋಗುತ್ತಿರಲಿಲ್ಲ.

*

ಅಲ್ಮಾಸ ಒಳಗೆ ಬಂದಾಗ ಜುಲ್ಫಿಕಾರ ಬಾಗಿಲ ಹತ್ತಿರ ತಾಯಿಯ ಮಾತು ಕೇಳುತ್ತ ನಿಂತಿದ್ದ. ಸಾಯಿರಾ ಈಗ ದನಿ ತಗ್ಗಿಸುವ ಗೋಜಿಗೂ ಹೋಗಿರಲಿಲ್ಲ. ಅಷ್ಟು ವರ್ಷ ಸೌದಿಯಲ್ಲಿದ್ದು ಹಜ್ ಮಾಡದೆ ಬಂದಾಗಲೇ ನನಗೆ ಅನುಮಾನವಿತ್ತು ಎನ್ನುತ್ತಿದ್ದಳು. ನಿಶ್ಚಯದ ದಿನ ಒಂದು ಸಣ್ಣ ಬಾಟಲಿ ಪವಿತ್ರ ಝಮ್‌ಝಮ್ ನೀರು ಕೇಳಿದರೆ, ನನ್ನ ನಸೀಬಿನಲ್ಲಿ ಮಕ್ಕಾ ಇರಲಿಲ್ಲ ಎಂದು ಬರಿ ಖರ್ಜೂರ ಕೊಟ್ಟ ಮನುಷ್ಯ. ಅಲ್ಲಿ ಏನು ಮಾಡಿಕೊಂಡಿದ್ದನೋ, ಇಲ್ಲಿ ಈ ವಯಸ್ಸಿನಲ್ಲಿ ಈ ಆಟ. ಜುಲ್ಫಿಕಾರ ಹೆಂಡತಿಯ ಕಡೆ ತಿರುಗಿ, ಆ ಹೆಂಗಸು ಯಾರು ಎಂದ.

ಅಲ್ಮಾಸ ಹೊರಗೆ ನೋಡಿದಳು. ಪ್ರಮಿಳಾ ಮನೆಯ ಬದಿಯಿಂದ ಬಂದು ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಒಂದು ಮಾತು ಹೇಳಿದ್ದರೆ ಅವಳ ಮೈಮೇಲಿನ ಕೊಳೆ ಹೋಗುತ್ತಿತ್ತು. ಅವಳು ಹೇಳಲಿಲ್ಲ. ಚಪ್ಪಲಿಯ ಪಟ್ಟಿಯನ್ನೇ ನೋಡುತ್ತ ನಿಂತಳು.

ಸುಮ್ಮನಿದ್ದರೆ ತನ್ನ ಸಂಸಾರ ಉಳಿಯುತ್ತದೆ ಎಂಬುದು ಅಲ್ಮಾಸಳಿಗೆ ಗೊತ್ತಿತ್ತು. ಅಬ್ಬಾನ ಹೆಸರು ಮಾತ್ರ ಇದೇ ಹೊಲಸಿನ ಜೊತೆ ಮಣ್ಣಿಗೆ ಹೋಗುತ್ತದೆ, ಅಷ್ಟೇ.

"ಅಬ್ಬಾ ಸೌದಿಗೆ ಹೋಗಿರಲಿಲ್ಲ," ಎಂದಳು. ಉರ್ದುವಿನಲ್ಲಿ ಅಲ್ಲ, ಹೊರಗೆ ಕೂತ ಓಣಿಯವರಿಗೆಲ್ಲ ತಿಳಿಯುವಂತೆ ಕನ್ನಡದಲ್ಲಿ. "ಹಿಂಡಲಗಾ ಜೇಲಿನಾಗ ಇದ್ರು. ಅವರ ಕೈಯಾಗ ಒಬ್ಬ ಮನಿಷ್ಯಾ ಸತ್ತಿದ್ದ. ಈ ಬಾಯಾರು ಅವರನ್ನ ನೋಡ್ಕೊಳ್ಳೂ ಸರಕಾರಿ ಆಫೀಸರು."

ಹೊರಗೆ ಒಂದು ಕುರ್ಚಿ ಸರಿದ ಸದ್ದಾಯಿತು. ಜುಲ್ಫಿಕಾರ ಅವಳನ್ನು ಒಮ್ಮೆ ನೋಡಿ ಓಣಿಗೆ ಇಳಿದು ಹೋದ. ನೆರೆಯ ಇಬ್ಬರು ಎದ್ದು ಮನೆಗೆ ನಡೆದರು. ಸಾಯಿರಾ ನಿಂತಲ್ಲಿಯೇ ಗೋಡೆ ಹಿಡಿದು ಕೂತಳು. ಮೋಸ ಮಾಡಿದಿರಿ ಎಂದಳು. ಇಂಥ ಮನೆಯಿಂದ ಹೆಣ್ಣು ತಂದೆನಲ್ಲ ಎಂದಳು. ಬಹಳ ಹೊತ್ತಿನ ಮೇಲೆ ಒಳಕೋಣೆಯ ಕಡೆ ಮುಖ ಮಾಡಿ, ಅಂದು ಝಮ್‌ಝಮ್ ನೀರು ಕೊಡದೆ ಇದ್ದದ್ದು ಇದಕ್ಕೇ ಏನು ಎಂದು ಕೇಳಿದಳು.

ನಳದ ನೀರು ತುಂಬಿ ಕೊಟ್ಟುಬಿಡಿ, ಯಾರಿಗೆ ತಿಳಿಯುತ್ತದೆ ಎಂದು ನಾನೇ ಅಂದಿದ್ದೆ ಎಂದಳು ಬದರುನ್ನಿಸಾ. ಅದೊಂದು ನನ್ನಿಂದ ಆಗುವುದಿಲ್ಲ ಎಂದರು ಅವರು.

ಸಾಯಿರಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಅರ್ಧಕ್ಕೆ ನಿಂತಿದ್ದ ಸೂರಾವನ್ನು ಮತ್ತೆ ಮೊದಲಿನಿಂದ ಓದತೊಡಗಿದಳು.

ಆಂಬುಲೆನ್ಸು ಬಂತು. ಜನಾಜಾ ಎತ್ತಲು ಹೆಗಲು ಕಡಿಮೆ ಬಿದ್ದಾಗ ಜುಲ್ಫಿಕಾರ ಎಲ್ಲಿಂದಲೋ ಬಂದು ಮುಂದಿನ ಮೂಲೆಗೆ ಹೆಗಲು ಕೊಟ್ಟ. ಹೆಂಡತಿಯ ಮುಖ ನೋಡಲಿಲ್ಲ.

*

ಗಂಡ ತೀರಿದ ಹೆಂಗಸು ಹೊರಗೆ ಕಾಲಿಡಬಾರದೆಂಬ ಕಟ್ಟಳೆಯಿದ್ದುದರಿಂದ ಬದರುನ್ನಿಸಾ ಮನೆ ಬಿಟ್ಟು ಬರುವಂತಿರಲಿಲ್ಲ. ಕಬರಸ್ತಾನದ ಗೇಟಿನ ತನಕವಾದರೂ ಹೋಗುತ್ತೇನೆ ಎಂದು ಅಲ್ಮಾಸ ಹಟ ಹಿಡಿದಳು. ಗಂಡಸರ ಗಾಡಿಯಲ್ಲಿ ಜಾಗ ಸಿಗಲಿಲ್ಲ. ಪ್ರಮಿಳಾ ಸ್ಕೂಟಿ ತಿರುಗಿಸಿ, "ಕುಂದರ್ರಿ," ಎಂದಳು. ಹೀಗೆ ಮಗಳು, ತಂದೆಯ ಬೆನ್ನು ಬಿಡದೆ ಕಾದ ಹೆಂಗಸಿನ ಹಿಂದೆಯೇ ಕೂತು ಹೊರಟಳು. ಪೀರನವಾಡಿಯಲ್ಲಿ ಆಂಬುಲೆನ್ಸು ನಿಲ್ಲದೆ ದಾಟಿತು.

ಖಾನಾಪುರದ ಕಬರಸ್ತಾನದ ಗೇಟಿನಲ್ಲಿ ಒಬ್ಬ ಮುದುಕ ಸೈಕಲ್ಲು ಹಿಡಿದು ನಿಂತಿದ್ದ. ತಲೆಗೆ ಹಳದಿ ರುಮಾಲು, ಹೆಗಲ ಮೇಲೆ ಕಂಬಳಿ. ಆಂಬುಲೆನ್ಸಿನಿಂದ ಇಳಿದ ಗಂಡಸರು ಅವನನ್ನು ಕಂಡು ಒಂದೆಡೆ ಗುಂಪಾದರು. ಭರಮಣ್ಣ ಬಂದಿದ್ದಾನೆ, ಹೆಣ ಇಳಿಸಬೇಡಿ ಎಂದು ಊರವನೊಬ್ಬ ಪಿಸುಗುಟ್ಟಿದ.

"ನೀವಽ ಕರೆಸಿದ್ರೇನು?" ಎಂದು ಅಲ್ಮಾಸ ಕೇಳಿದಳು.

ತಾನೇ ಬೆಳಿಗ್ಗೆ ಫೋನು ಮಾಡಿಸಿ ತಿಳಿಸಿದ್ದು ಎಂದಳು ಪ್ರಮಿಳಾ. ಬೇರೆಯವರ ಬಾಯಿಂದ ಕೇಳಿದರೆ ಸಿಟ್ಟು ಹೆಚ್ಚಾದೀತು ಎಂದು ತಿಳಿಸಿದ್ದಳು. ಹೀಗೆ ಬಂದು ನಿಲ್ಲುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ.

ಭರಮಣ್ಣ ನೇರ ಪ್ರಮಿಳಾಳ ಹತ್ತಿರ ಬಂದ. "ಖರೇನ ಸತ್ತಾನೇನ್ರಿ ಬಾಯಾರ?"

"ನಾನಽ ನೋಡೇನ್ರಿ."

"ನೀವು ನೋಡಿದ್ರ ನನಗೇನಾತು? ನಾ ನೋಡ್ಬೇಕು."

ಗಂಡಸರು ಆಗುವುದಿಲ್ಲ ಎಂದರು. ಒಬ್ಬ ಭರಮಣ್ಣನ ಕಂಬಳಿಯ ಒಳಗೆ ಕೈ ಹಾಕಿ, ಏನಾದರೂ ಇಟ್ಟುಕೊಂಡಿದ್ದಾನೇನೋ ಎಂದು ತಡವಿದ. ಭರಮಣ್ಣ ಎರಡೂ ಕೈ ಮೇಲೆತ್ತಿ ನಿಂತುಕೊಂಡ. ಏನೂ ಇರಲಿಲ್ಲ. ಆದರೂ ದಾರಿ ಬಿಡಲಿಲ್ಲ. ಆಗ ಅಲ್ಮಾಸ ಮುಂದೆ ಬಂದಳು.

"ನಾ ಅವರ ಮಗಳ್ರಿ," ಎಂದಳು. "ನೋಡ್ರಿ ಕಾಕಾ."

ಭರಮಣ್ಣ ಅವಳ ಮುಖವನ್ನೇ ದಿಟ್ಟಿಸಿದ. ಗಂಡಸರು ಜನಾಜಾ ಇಳಿಸಿ ಒಳಗೆ ಒಯ್ದರು. ಅವನು ಚಪ್ಪಲಿ ಕಳಚಿ ಹಿಂದೆಯೇ ಹೋದ. ಹೆಂಗಸರಿಬ್ಬರೂ ಗೇಟಿನ ಸರಳುಗಳ ಹೊರಗೆ ನಿಂತರು. ಜುಲ್ಫಿಕಾರ ಮುಖದ ಬಟ್ಟೆ ಸರಿಸಿದ್ದು ಕಂಡಿತು. ಭರಮಣ್ಣ ಬಗ್ಗಿದ, ಇನ್ನೂ ಬಗ್ಗಿದ. ಅವನು ಅಲ್ಲಿ ಹುಡುಕಿದ್ದು ಹಾರೆ ಹಿಡಿದ ಆ ಕರಿಗೂದಲ ಆಳನ್ನೇ ಇರಬೇಕು. ತಡೆದು ತಡೆದು ಬಂದ ಅವನ ಮಾತು ಗೇಟಿನ ತನಕ ಕೇಳಿಸಿತು.

"ಇಷ್ಟ ಮುದುಕ ಆಗಿದ್ನೇನು ಇವ."

ನಮಾಜು ಮುಗಿಸಿ, ಮೀರಾಸಾಬನನ್ನು ತಾಯಿಯ ಗೋರಿಯ ಬಾಜುವಿಗೆ ಇಳಿಸಿದರು. ಗಂಡಸರು ಒಬ್ಬೊಬ್ಬರಾಗಿ ಮೂರು ಸಲ ಮಣ್ಣು ಹಾಕಿ ಹಿಂದೆ ಸರಿದರು. ಭರಮಣ್ಣನೂ ಬಗ್ಗಿ ಒಂದು ಹಿಡಿ ಎತ್ತಿಕೊಂಡ. ಎತ್ತಿಕೊಂಡು ಹಾಗೆಯೇ ನಿಂತ. ಗುಂಡಿ ತುಂಬಿತು, ದಿಬ್ಬದ ಮೇಲೆ ನೀರು ಚಿಮುಕಿಸಿದರು, ದುವಾ ಮುಗಿಯಿತು, ಜನ ಗೇಟಿನ ಕಡೆ ನಡೆದರು. ಜುಲ್ಫಿಕಾರ ಹೊರಗೆ ಬಂದು ಅಲ್ಮಾಸಳ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು ನಿಂತ. ಭರಮಣ್ಣ ಮಾತ್ರ ಕೈ ಮುಂದಕ್ಕೂ ಚಾಚದೆ, ಹಿಂದಕ್ಕೂ ತೆಗೆಯದೆ ಅಲ್ಲೇ ಇದ್ದ.

ಕಡೆಗೆ ಅವನೂ ಹೊರಗೆ ಬಂದ. ಯಾರನ್ನೂ ನೋಡದೆ ಚಪ್ಪಲಿ ಮೆಟ್ಟಿ, ಎಡಗೈಯೊಂದರಿಂದಲೇ ಸೈಕಲ್ಲಿನ ಹ್ಯಾಂಡಲು ಹಿಡಿದು, ನೂಕಿಕೊಂಡು ಹಟ್ಟಿಯ ದಾರಿ ಹಿಡಿದ. ಬಲಗೈಯ ಮುಷ್ಟಿ ಬಿಗಿಯಾಗಿಯೇ ಇತ್ತು. ಅವನು ನಡೆದಂತೆ ಬೆರಳ ಸಂದಿಯಿಂದ ಕೆಂಪು ಮಣ್ಣು ಸ್ವಲ್ಪ ಸ್ವಲ್ಪವೇ ಡಾಂಬರಿನ ಮೇಲೆ ಉದುರುತ್ತ ಹೋಯಿತು.